ಪರೋಪಕಾರ ಯಾರ ಪಾಲಿಗೆ?

ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳಿಗೆ ಬಾಡಿಗೆ ತಾಯ್ತನದ ಕಾಯಿದೆಯನ್ನು ವಿವರಿಸುತ್ತಿದ್ದೆವು. ಪೂರ್ತಿ ಕೇಳಿದ ಮೇಲೆ ಆಕೆ, "ಡಾಕ್ಟರೂ ಪುಕ್ಕಟೆ ಮಾಡ್ತಾರಾ ಅಣ್ಣ?" ಎಂದಳು. ಸಂಸತ್ತಿನಲ್ಲಿ ಕುಳಿತ ಮಹಾಶಯರಿಗೆ ಈ ಪ್ರಶ್ನೆ ಏಕೆ ಕಾಡಲಿಲ್ಲ?

2021ರ ಈ ಕಾಯಿದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಹಣಕ್ಕಾಗಿ ಗರ್ಭ ಹೊರುವ ವ್ಯಾಪಾರ ನಡೆಸಿದರೆ ಹತ್ತು ವರ್ಷದವರೆಗೆ ಸೆರೆವಾಸ, ಹತ್ತು ಲಕ್ಷದವರೆಗೆ ದಂಡ. ಹೆಣ್ಣಿನ ಗರ್ಭ ಸಂತೆಯ ಸರಕಾಗಬಾರದೆಂಬುದಕ್ಕೆ ನಮ್ಮ ತಕರಾರಿಲ್ಲ. ಆದರೆ ಸಂತೆ ಮುಚ್ಚಿತೇ? ಹೊರುವವಳಿಗೆ ಔಷಧೋಪಚಾರದ ಖರ್ಚು, ನಿಯಮದಲ್ಲಿ ಹೇಳಿದ ಇತರ ವೆಚ್ಚ, 36 ತಿಂಗಳ ವಿಮೆ. ಕೂಲಿ ಮಾತ್ರ ಬಿಡಿಗಾಸಿಲ್ಲ. ಅದಕ್ಕೆ ಪರೋಪಕಾರವೆಂದು ಹೆಸರು. ಲಕ್ಷಗಟ್ಟಲೆ ಬಿಲ್ಲು ಬರೆಯುವ ಕ್ಲಿನಿಕ್ಕಿನ ಮಾಲೀಕನ ಲಾಭಕ್ಕೆ ಕಾಯಿದೆಯಲ್ಲಿ ಮಿತಿಯೇ ಇಲ್ಲ. ದಾನವೆಂದರೆ ಉಳ್ಳವನು ಕೊಡುವುದೆಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಸರ್ಕಾರದವರು ಬೇರೆ ಪಾಠ ಓದಿದ್ದಾರೆ.

36 ತಿಂಗಳ ಲೆಕ್ಕ ಯಾರು ಹಾಕಿದರೋ! ಚಿನ್ನದ ಗಣಿಯ ಊರಿನವರಿಗೆ ಆ ಲೆಕ್ಕ ಒಪ್ಪಿಸಬೇಡಿ. ಕಲ್ಲುಧೂಳಿನ ಸಿಲಿಕೋಸಿಸ್ ನಮ್ಮವರ ಎದೆಯಲ್ಲಿ ಕಾಣಿಸಿಕೊಂಡದ್ದು ವರ್ಷಗಳು ಕಳೆದ ಮೇಲೆ. 2001ರಲ್ಲಿ ಗಣಿ ಮುಚ್ಚಿತು, ಕೆಮ್ಮು ಮುಚ್ಚಲಿಲ್ಲ.

ಕಾಯಿದೆ ಬರೆದ ಮಾತ್ರಕ್ಕೆ ಕಾವಲು ಬಂದಂತೆಯೂ ಅಲ್ಲ. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸಿದ ಕಾಯಿದೆ 1994ರದು. 2023ರಲ್ಲಿ ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಅದೇ ದಂಧೆ ನಡೆಸುತ್ತಿದ್ದರೆಂದು ಬೆಂಗಳೂರಿನ ಪೊಲೀಸರು ಜಾಲವನ್ನು ಹಿಡಿದರು. ಬೆಲ್ಲ ಕಾಯಿಸುವ ಕಡೆ ಹೆಣ್ಣುಕೂಸಿನ ಹಣೆಬರಹ! ಪ್ರತಿಯೊಂದು ಯಂತ್ರವನ್ನೂ ನೋಂದಾಯಿಸಿ ತಪಾಸಣೆ ಮಾಡಬೇಕಾದ ಅಧಿಕಾರಿಗಳು ಆಗ ಎಲ್ಲಿದ್ದರು?

ಸರ್ಕಾರಕ್ಕೆ ಆಗದ ಕೆಲಸವೇನೂ ಇದಲ್ಲ. 1930ರಲ್ಲಿ, ಜಗತ್ತು ಇನ್ನೂ ಮೂಗು ಮುರಿಯುತ್ತಿದ್ದಾಗ, ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಅರಸರ ಆಳ್ವಿಕೆಗೆ ಸಾಧ್ಯವಾದದ್ದು ಜನರ ಸರ್ಕಾರಕ್ಕೆ ಭಾರವೇ? ಮಕ್ಕಳಿಲ್ಲದ ಬಡದಂಪತಿಗಳಿಗೆ ಜಿಲ್ಲಾಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಲಿ. ಖಾಸಗಿಯವರ ಫೀಜಿಗೆ ಮಿತಿ ಹಾಕಲಿ. ಹೊತ್ತು ಹೆತ್ತವಳ ಆರೋಗ್ಯದ ಹೊಣೆ ಆಕೆಯ ಜೀವಮಾನದುದ್ದಕ್ಕೂ ಇರಲಿ. ಪರೋಪಕಾರವೇ ಆಗಬೇಕೆಂದರೆ ಆ ಕೊಠಡಿಯೊಳಗಿನವರೆಲ್ಲರೂ ಮಾಡಲಿ. ಇಲ್ಲವಾದರೆ ಒಂಬತ್ತು ತಿಂಗಳು ದುಡಿದವಳ ಕೂಲಿಯನ್ನು ಮೊದಲು ಎಣಿಸಿಡಲಿ.