ನಡುವಿನ ಲೆಕ್ಕ

ಜಟಕಾ ಗಾಡಿಗಳ ಕಾಲದಲ್ಲಿ ಬಾಡಿಗೆಯ ಚೌಕಾಶಿ ಬೀದಿಯಲ್ಲೇ ನಡೆಯುತ್ತಿತ್ತು. ಗಾಡಿಯವನು ಎಂಟಾಣೆ ಎಂದರೆ ನಮ್ಮ ಅಜ್ಜ ಆರಾಣೆ ಎನ್ನುತ್ತಿದ್ದರು. ಕುದುರೆಯೊಂದನ್ನು ಬಿಟ್ಟರೆ ನಡುವೆ ಮೂರನೆಯವರು ಇರುತ್ತಿರಲಿಲ್ಲ. ಈಗ ಮೂರನೆಯವನುಂಟು, ಆತ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

2022ರ ಸಂಗತಿಯನ್ನು ವಾಚಕರು ಮರೆತಿರಲಾರರು. ಬೆಂಗಳೂರಿನ ಆಟೋರಿಕ್ಷಾಗಳಿಗೆ ಸರ್ಕಾರ ಆಗ ಗೊತ್ತುಮಾಡಿದ್ದ ಬಾಡಿಗೆ, ಮೊದಲ 2 ಕಿಲೋಮೀಟರಿಗೆ 30 ರೂಪಾಯಿ. ಓಲಾ, ಊಬರ್, ರ‍್ಯಾಪಿಡೊ ಆ್ಯಪ್‌ಗಳ ಮೂಲಕ ಕರೆದರೆ ಅಷ್ಟೇ ದಾರಿಗೆ 100 ರೂಪಾಯಿ ತೆರಬೇಕೆಂಬ ದೂರು ಊರೆಲ್ಲ ಹಬ್ಬಿತು. ಯಶವಂತಪುರ ನಿಲ್ದಾಣದಲ್ಲಿಳಿದು ಮತ್ತೀಕೆರೆಗೆ ಹೊರಟ ಪ್ರಯಾಣಿಕ ಶಪಿಸಿದ್ದು ಕಣ್ಣೆದುರಿನ ಚಾಲಕನನ್ನೇ. ಚಾಲಕನಾದರೋ ತನ್ನ ಪಾಲಿಗೆ ಬಂದದ್ದನ್ನು ಕಂಡು ಹಣೆ ಚಚ್ಚಿಕೊಳ್ಳುತ್ತಿದ್ದ. ಒಬ್ಬನಿಗೆ ಕೊಟ್ಟದ್ದು ಮಾತ್ರ ಗೊತ್ತು, ಇನ್ನೊಬ್ಬನಿಗೆ ಬಂದದ್ದು ಮಾತ್ರ ಗೊತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಗುಟ್ಟು ರಟ್ಟಾದದ್ದು ಹೇಗೆ? ಪ್ರಯಾಣಿಕರು ತಮ್ಮ ಬಿಲ್ಲುಗಳನ್ನು ಹತ್ತು ಜನರ ಮುಂದಿಟ್ಟರು. ಆ ನೂರರಲ್ಲಿ ತಮಗೆ ದಕ್ಕುವುದು 60 ಎಂದು ಚಾಲಕರ ಸಂಘದವರು ಸಾರಿದರು. ಎರಡು ಅಂಕಿಗಳೂ ಪತ್ರಿಕೆಗಳಲ್ಲಿ ಅಕ್ಕಪಕ್ಕ ಅಚ್ಚಾದ ಮೇಲೆ ಉಳಿದ ಕಳೆಯುವ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಹುದಾಗಿತ್ತು!

ಅಕ್ಟೋಬರ್ 6ರಂದು ಸಾರಿಗೆ ಇಲಾಖೆ ಆಟೋ ಸೇವೆಯನ್ನೇ ನಿಲ್ಲಿಸುವಂತೆ ಕಂಪನಿಗಳಿಗೆ ಆಜ್ಞೆಮಾಡಿತು. ಕಂಪನಿಗಳು ಹೈಕೋರ್ಟಿನ ಮೆಟ್ಟಿಲೇರಿದವು. ನವೆಂಬರಿನಲ್ಲಿ ಸರ್ಕಾರ, ಗೊತ್ತಾದ ಬಾಡಿಗೆಯ ಮೇಲೆ ಶೇಕಡಾ 5ರ ಸೇವಾಶುಲ್ಕ ಹಾಗೂ ಜಿಎಸ್‌ಟಿ ಮಾತ್ರ ಸಲ್ಲತಕ್ಕದ್ದೆಂದು ವಿಧಿಸಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ 2022ರ ನವೆಂಬರಿನಲ್ಲಿ ಚಾಲಕರ ಸಂಘದ ಬೆಂಬಲದಿಂದ 'ನಮ್ಮ ಯಾತ್ರಿ' ಆ್ಯಪ್ ಬಂದು, ಬಾಡಿಗೆ ನೇರವಾಗಿ ಚಾಲಕನ ಕೈಸೇರತೊಡಗಿತು. ಈ ಪೈಪೋಟಿಯ ನಡುವೆ ದೊಡ್ಡ ಕಂಪನಿಗಳೂ ಕ್ರಮೇಣ ಆಟೋಗಳ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ತಿರುಗಿದವು.

ಇದರಿಂದ ರಾಮರಾಜ್ಯ ಬಂದಿತೆಂದಲ್ಲ. 2025ರ ಆಗಸ್ಟಿನಿಂದ ಕನಿಷ್ಠ ಬಾಡಿಗೆಯೇ 36 ರೂಪಾಯಿಗೆ ಏರಿದೆ. ಮಳೆಯ ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ನಿಂತವರಿಗೆ ಮೀಟರಿನ ಮಾತು ಕಿವಿಗೆ ಬೀಳುವುದೂ ಅಪರೂಪ. ಚಾಲಕರೆಲ್ಲ ಧರ್ಮರಾಯರೇನೂ ಅಲ್ಲ. ಆದರೂ ಮನೆಯೊಳಗಿನ ಗೊಣಗಾಟಕ್ಕೆ ಅಲುಗದ ಕಂಪನಿ, ಬಯಲಿಗೆ ಬಂದ ಲೆಕ್ಕಕ್ಕೆ ಉತ್ತರ ಹೇಳಬೇಕಾಯಿತೆಂಬುದು ಸಣ್ಣ ಮಾತಲ್ಲ.

ಮುಂದಿನ ಸಲ ಬಾಡಿಗೆ ದುಬಾರಿಯೆನಿಸಿದರೆ ಚಾಲಕನನ್ನು ಬಯ್ಯುವ ಮೊದಲು, "ಇದರಲ್ಲಿ ನಿಮ್ಮ ಕೈಗೆ ಎಷ್ಟು ಬಂತಪ್ಪ?" ಎಂದು ಒಮ್ಮೆ ಕೇಳಿರಿ. ನಡುವಿನ ಲೆಕ್ಕ ತೆರೆಯುವುದು ಆ ಪ್ರಶ್ನೆಯಿಂದಲೇ.