ವೀಸಾಕ್ಕಾಗಿ ಗಡಿ ದಾಟುವವರ ವಸತಿ ವಿಚಾರ

ಉದ್ಯೋಗವನ್ನರಸಿ ಕಡಲು ದಾಟುವುದೆಂದರೆ ಅಮೆರಿಕ ಇಲ್ಲವೆ ಇಂಗ್ಲೆಂಡ್ ಎಂಬ ಕಾಲ ಹಿಂದಾಯಿತು. ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಸುಮಾರು ನಾಲ್ಕು ತಾಸಿಗೆ ಬ್ಯಾಂಕಾಕ್. ಅಲ್ಲಿಯ ಶಾಲೆಗಳಲ್ಲಿ ಪಾಠ ಹೇಳುವವರು, ಕಂಪನಿಗಳಲ್ಲಿ ದುಡಿಯುವವರು, ಕೆಲಸದ ಕಾಗದಪತ್ರಗಳು ಕೈಸೇರುವವರೆಗೆ ಪ್ರವಾಸಿಗಳಾಗಿಯೇ ಉಳಿದುಕೊಂಡವರು, ಹೀಗೆ ನಮ್ಮ ಕಡೆಯ ತರುಣ ತರುಣಿಯರು ಅನೇಕ ರೀತಿಯಲ್ಲಿ ಆ ದೇಶದಲ್ಲಿದ್ದಾರೆ. ಒಂದು ದಿನ ದೂರವಾಣಿಯಲ್ಲಿ ಅವರು, 'ಅವ್ವಾ, ವೀಸಾ ಸಲುವಾಗಿ ಮಲೇಷ್ಯಾಕ್ಕೆ ಹೋಗಿ ಬರಬೇಕಾಗೇದ' ಎನ್ನುತ್ತಾರೆ. ಮನೆಯವರ ಎದೆಯಲ್ಲಿ ಆಗ ಏಳುವ ಪ್ರಶ್ನೆಗಳು ಎರಡು: ಎಲ್ಲಿ ಇಳಿದುಕೊಳ್ಳುತ್ತಾರೆ, ಏನು ಉಣ್ಣುತ್ತಾರೆ? ಈ ಸಂಚಿಕೆಯಲ್ಲಿ ಆ ಪ್ರಶ್ನೆಗಳನ್ನೇ ಎತ್ತಿಕೊಂಡಿದ್ದೇವೆ.

ಒಂದು ದೇಶದಲ್ಲಿ ತಂಗಲು ದೊರೆತ ಅನುಮತಿ ಮುಗಿಯುವ ಮುನ್ನ ನೆರೆಯ ದೇಶಕ್ಕೆ ಹೋಗಿ, ಹೊಸ ಅನುಮತಿ ಪಡೆದು ಮರಳುವುದಕ್ಕೆ 'ವೀಸಾ ರನ್' ಎಂಬ ಹೆಸರು ಬಿದ್ದಿದೆ. ಇದರಲ್ಲಿಯೂ ಎರಡು ಬಗೆ. ಗಡಿಯಾಚೆ ಕಾಲಿಟ್ಟು ಅಂದೇ ಹಿಂದಿರುಗಿ ಪಾಸ್‌ಪೋರ್ಟಿನಲ್ಲಿ ಹೊಸ ಮೊಹರು ಹಾಕಿಸಿಕೊಳ್ಳುವುದು ಒಂದು. ನೆರೆದೇಶದಲ್ಲಿರುವ ಥಾಯ್ ರಾಜತಾಂತ್ರಿಕ ಕಚೇರಿಯ ಮೂಲಕ ಸರಿಯಾದ ವೀಸಾವನ್ನೇ ಪಡೆದು ಬರುವುದು ಇನ್ನೊಂದು. ಮೊದಲನೆಯದನ್ನು ನಾವು ಯಾರಿಗೂ ಹೇಳಲಾರೆವು. ವೀಸಾ ಇಲ್ಲದೆ ಭೂಗಡಿಯಿಂದ ಬರುವವರಿಗೆ ವರ್ಷಕ್ಕೆ ಎರಡೇ ಬಾರಿ ಪ್ರವೇಶವೆಂಬ ನಿಯಮವನ್ನು ಥೈಲ್ಯಾಂಡ್ 2016ರ ಡಿಸೆಂಬರ್ 31ರಂದು ಜಾರಿಗೆ ತಂದಿತು. ಎರಡನೆಯ ಸಲಕ್ಕೇ ಅಧಿಕಾರಿಗೆ ಸಂಶಯ ಬಂದರೆ ಹಿಂದಕ್ಕೆ ಕಳುಹಿಸುವ ಅಧಿಕಾರವೂ ಅವರಿಗಿದೆ. ಸಾಮಾನು ಸರಂಜಾಮೆಲ್ಲ ಒಂದು ದೇಶದಲ್ಲಿ, ಮನುಷ್ಯ ಇನ್ನೊಂದು ದೇಶದಲ್ಲಿ ಎಂಬ ಪಾಡು ಬೇಡ.

ಹೊರಡುವ ಮುಂಚೆ ಹೋಗಲೇಬೇಕೇ ಎಂದು ಕೇಳಿಕೊಳ್ಳುವುದು ಮಿತವ್ಯಯದ ಮೊದಲ ಪಾಠ. ಭಾರತೀಯರಿಗೆ ಥೈಲ್ಯಾಂಡ್ 2023ರ ನವೆಂಬರಿನಲ್ಲಿ 30 ದಿನಗಳ ವೀಸಾರಹಿತ ಪ್ರವೇಶ ನೀಡಿತು. 2024ರ ಜುಲೈ 15ರಂದು ಅದನ್ನು 60 ದಿನಗಳಿಗೆ ಏರಿಸಿತು. ಇವು ಸರಕಾರದ ಒಂದು ಆದೇಶದಿಂದ ಬಂದು ಇನ್ನೊಂದು ಆದೇಶದಿಂದ ಹೋಗುವಂಥವು. ಆದುದರಿಂದ ಅಂದಂದಿನ ನಿಯಮವನ್ನು ಬ್ಯಾಂಕಾಕಿನ ವಲಸೆ ಕಚೇರಿಯಲ್ಲಿಯೇ ವಿಚಾರಿಸಬೇಕು. ಪ್ರವಾಸಿಯಾಗಿ ಬಂದವರು 1,900 ಬಾಟ್ ಶುಲ್ಕ ಕಟ್ಟಿ ಅಲ್ಲಿಯೇ ಅವಧಿಯನ್ನು ವಿಸ್ತರಿಸಿಕೊಳ್ಳಬಹುದು. ಉದ್ಯೋಗ ಗೊತ್ತಾದವರು, ಅನುಮತಿ ಮುಗಿಯಲು ಇನ್ನೂ 15 ದಿನಗಳಾದರೂ ಉಳಿದಿರುವಾಗ, ದೇಶದೊಳಗಿದ್ದೇ ವೀಸಾದ ವರ್ಗ ಬದಲಿಸಲು ಅರ್ಜಿ ಹಾಕುವ ದಾರಿಯೂ ಇದೆ. ರೈಲು, ಊಟ, ವಸತಿಗಳ ವೆಚ್ಚವನ್ನೆಲ್ಲ ಕೂಡಿಸಿ ನೋಡಿದರೆ ಆ 1,900 ಬಾಟ್ ಎಷ್ಟೋ ಹಗುರವೆನಿಸೀತು.

'ನಾಲ್ಕು ದಿನ ಹೆಚ್ಚಾದರೆ ಏನಾಯಿತು' ಎಂಬ ಉಡಾಫೆ ಮಾತ್ರ ಸಲ್ಲದು. ಅವಧಿ ಮೀರಿದ ದಿನವೊಂದಕ್ಕೆ 500 ಬಾಟ್‌ನಂತೆ 20,000 ಬಾಟ್‌ವರೆಗೆ ದಂಡ. 90 ದಿನ ಮೀರಿದವರು ತಾವಾಗಿ ಶರಣಾದರೂ ಒಂದು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ಒಳಗಿರುವಾಗಲೇ ಸಿಕ್ಕಿಬಿದ್ದರೆ, ಮೀರಿದ್ದು ವರ್ಷಕ್ಕಿಂತ ಕಡಿಮೆಯಾದರೂ, ಐದು ವರ್ಷಗಳ ನಿಷೇಧ. ಕೈಗೆ ಬಂದ ಉದ್ಯೋಗ ಹೋಗುವುದಕ್ಕೆ ಇಷ್ಟು ಸಾಕು.

ಹೋಗಲೇಬೇಕಾದವರಿಗೆ ಬಹುಕಾಲದಿಂದ ಪರಿಚಿತವಾದ ಊರು ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್. ಅಲ್ಲಿ ಥಾಯ್ ಕಾನ್ಸುಲೇಟ್ ಇದೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾರಹಿತ ಪ್ರವೇಶ ನೀಡಿ, ಬಳಿಕ ಆ ಸೌಲಭ್ಯವನ್ನು 2026ರ ಕೊನೆಯವರೆಗೆ ಮುಂದುವರಿಸಿತು. ಬ್ಯಾಂಕಾಕಿನಿಂದ ಮಧ್ಯಾಹ್ನ ಕಳೆದು ಹೊರಡುವ ರೈಲಿನಲ್ಲಿ ಮಲಗಿದರೆ ಬೆಳಿಗ್ಗೆ ಗಡಿಯ ಪಡಂಗ್ ಬೆಸಾರ್ ನಿಲ್ದಾಣ. ಎರಡೂ ದೇಶಗಳ ತಪಾಸಣೆ ಆ ಒಂದೇ ನಿಲ್ದಾಣದಲ್ಲಿ ಮುಗಿಯುತ್ತದೆ. ಅಲ್ಲಿಂದ ಮಲೇಷ್ಯಾದ ರೈಲಿನಲ್ಲಿ ಸುಮಾರು ಎರಡು ತಾಸಿಗೆ ಬಟರ್‌ವರ್ತ್. ನಿಲ್ದಾಣದ ಹತ್ತಿರದಿಂದಲೇ ದ್ವೀಪಕ್ಕೆ ದೋಣಿ. ರಾತ್ರಿಯ ರೈಲು ಎಂದರೆ ಒಂದು ರಾತ್ರಿಯ ವಸತಿಯ ಬಾಡಿಗೆಯೂ ಉಳಿದಂತೆ. ನಡುವೆ ತಂಗುವುದಾದರೆ ಥಾಯ್ ಕಡೆಯ ಹಾಟ್ ಯಾಯ್ ಪಟ್ಟಣ ಅನುಕೂಲ. ಆದರೆ ಆ ಕರಾವಳಿಯಲ್ಲಿ ನವೆಂಬರ್, ಡಿಸೆಂಬರ್ ತಿಂಗಳುಗಳೇ ಬಿರುಮಳೆಯ ಕಾಲ. 2025ರ ನವೆಂಬರಿನ ನೆರೆ ಆ ಪಟ್ಟಣವನ್ನು ಮುಳುಗಿಸಿಬಿಟ್ಟಿತ್ತು. ಆ ದಿನಗಳಲ್ಲಿ ನೆಲಮಹಡಿಯ ಕೋಣೆ ಒಲ್ಲೆನೆನ್ನುವುದೇ ಲೇಸು.

ಇನ್ನು ವಸತಿಯ ಮಾತು. ಜಾರ್ಜ್ ಟೌನಿನ ಚುಲಿಯಾ ಬೀದಿ, ಲವ್ ಲೇನ್, ಮುಂತ್ರಿ ಬೀದಿಗಳಲ್ಲಿ ಅಗ್ಗದ ತಂಗುದಾಣಗಳು ಒತ್ತಾಗಿವೆ. ಹಳೆಯ ಚೀನೀ ವರ್ತಕರು ಕೆಳಗೆ ಅಂಗಡಿ, ಮೇಲೆ ಮನೆ ಎಂದು ಕಟ್ಟಿಕೊಂಡ ಉದ್ದನೆಯ ಕಟ್ಟಡಗಳೇ ಇಂದು ಲಾಡ್ಜ್‌ಗಳಾಗಿವೆ. ನಮ್ಮ ಹಳೆಯ ಪೇಟೆಯ ಮನೆಗಳಂತೆ ಮುಂಭಾಗ ಕಿರಿದು, ಒಳಗೆ ಉದ್ದ. ಆದುದರಿಂದ ನಡುವಿನ ಕೋಣೆಗಳಿಗೆ ಎಷ್ಟೋ ಕಡೆ ಕಿಟಕಿಯೇ ಇರುವುದಿಲ್ಲ. ಚಿತ್ರದಲ್ಲಿ ಸೊಗಸಾಗಿ ಕಂಡ ಕೋಣೆ ಗಾಳಿಯಿಲ್ಲದ ಪೆಟ್ಟಿಗೆಯಾಗಿರಬಹುದು. ಲವ್ ಲೇನ್ ಮತ್ತು ಚುಲಿಯಾ ಬೀದಿಯಲ್ಲಿ ಮದ್ಯದಂಗಡಿಗಳಿಂದ ರಾತ್ರಿ ಬಹುಹೊತ್ತಿನವರೆಗೆ ಗದ್ದಲ. ಮುಂಗಡ ಕೊಡುವ ಮುನ್ನ ಕೋಣೆಯನ್ನು ಕಣ್ಣಾರೆ ನೋಡಬೇಕು, ಹಾಸಿಗೆಯ ಹೊಲಿಗೆಯಂಚನ್ನು ಎತ್ತಿ ತಿಗಣೆ ಇದೆಯೇ ಎಂದು ಪರೀಕ್ಷಿಸಬೇಕು. ಇದನ್ನು ಕೇಳಲು ಸಂಕೋಚವೇಕೆ? ಹೆಣ್ಣು ನೋಡಲು ಹೋದವರು ಮನೆಯ ಬಚ್ಚಲವನ್ನೂ ನೋಡಿ ಬರುತ್ತಿದ್ದ ನಾಡಿನವರು ನಾವು.

ಸಾಲುಹಾಸಿಗೆಯ ಡಾರ್ಮಿಟರಿ ಎಲ್ಲಕ್ಕಿಂತ ಅಗ್ಗ. ಗಂಡುಮಕ್ಕಳು ಒಂದೆರಡು ರಾತ್ರಿ ಅಲ್ಲಿ ಕಳೆಯಲು ಅಡ್ಡಿಯಿಲ್ಲ, ಬೀಗ ಮಾತ್ರ ಸ್ವಂತದ್ದು ಒಯ್ಯಬೇಕು. ಹೆಣ್ಣುಮಕ್ಕಳಿಗೆಂದೇ ಪ್ರತ್ಯೇಕ ಸಾಲುಗಳಿರುವ ತಂಗುದಾಣಗಳೂ ಉಂಟು. ಬೆಳಗಿನ ಲಿಂಗಪೂಜೆಯನ್ನು ತಪ್ಪಿಸದವರಿಗೆ ಡಾರ್ಮಿಟರಿ ಒಗ್ಗದು. ಹತ್ತು ಜನ ಮಲಗಿರುವಲ್ಲಿ ದೀಪ ಹಾಕುವುದಕ್ಕೂ ಆಗುವುದಿಲ್ಲ, ಸ್ನಾನಕ್ಕೆ ಸರದಿ ಕಾಯಬೇಕು. ಅಂಥವರು ಸ್ವಲ್ಪ ಹೆಚ್ಚು ಕೊಟ್ಟು ಬಚ್ಚಲು ಸಹಿತವಾದ ಚಿಕ್ಕ ಕೋಣೆ ಹಿಡಿಯುವುದು ಮೇಲು. ಇಬ್ಬರು ಕೂಡಿ ಹೋದರೆ ಆ ಹೆಚ್ಚಳವೂ ಅರ್ಧಕ್ಕಿಳಿಯುತ್ತದೆ.

ಬಾಡಿಗೆಯನ್ನು ಹೋಲಿಸುವಾಗ ಹೇಳಿದ ದರವೊಂದನ್ನೇ ನೋಡಬಾರದು. 2017ರ ಸೆಪ್ಟೆಂಬರ್ 1ರಿಂದ ವಿದೇಶಿ ಪ್ರವಾಸಿಗಳು ಕೋಣೆಗೆ ರಾತ್ರಿಯೊಂದಕ್ಕೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಕೊಡಬೇಕಾಗಿದೆ. ಅಗ್ಗದ ಕೋಣೆಗೆ ಅದು ಸಣ್ಣ ಮೊತ್ತವಲ್ಲ. ಕೀಲಿಕೈಗೆಂದು ಠೇವಣಿ ಕೇಳುವುದೂ ವಾಡಿಕೆ. ನಗದನ್ನೇ ಕೊಟ್ಟು ರಸೀದಿ ಪಡೆಯಬೇಕು. ಠೇವಣಿಯ ಬದಲು ಪಾಸ್‌ಪೋರ್ಟನ್ನು ಒಪ್ಪಿಸುವಂತಿಲ್ಲ. ನಮ್ಮ ಕಡೆಯ ಪ್ಲಗ್ ಅಲ್ಲಿಯ ಮೂರು ಚಪ್ಪಟೆ ಕಾಲಿನ ಸಾಕೆಟ್ಟಿಗೆ ಕೂಡುವುದಿಲ್ಲವಾದುದರಿಂದ ಅದಕ್ಕೊಂದು ಅಡಾಪ್ಟರ್ ಜೊತೆಗಿರಲಿ.

ಆದರೆ ವೀಸಾಕ್ಕೆಂದು ಹೋದವರ ವಸತಿಯ ಗುಣವನ್ನು ಅಳೆಯುವ ಗಟ್ಟಿಯಾದ ಅಳತೆಗೋಲು ಬೇರೆಯದೇ ಇದೆ: ಬಂದವರ ಹೆಸರನ್ನು ದಫ್ತರಿನಲ್ಲಿ ಬರೆದುಕೊಂಡು, ಮೊಹರು ಒತ್ತಿದ ರಸೀದಿ ಕೊಡುವ ವಸತಿ ಒಳ್ಳೆಯ ವಸತಿ. ಮೊದಲೆಲ್ಲ ಕಾನ್ಸುಲೇಟಿನ ಕಿಟಕಿಯಲ್ಲಿ ಬೆಳಿಗ್ಗೆ ಪಾಸ್‌ಪೋರ್ಟ್ ಕೊಟ್ಟು ಮರುದಿನ ಮಧ್ಯಾಹ್ನ ವೀಸಾ ಸಮೇತ ಪಡೆಯುವ ಕ್ರಮವಿತ್ತು. ಎರಡು ರಾತ್ರಿಯ ವಸತಿ ಸಾಕಾಗುತ್ತಿತ್ತು. 2025ರ ಜನವರಿ 1ರಿಂದ ಎಲ್ಲ ಥಾಯ್ ರಾಯಭಾರ ಕಚೇರಿಗಳಲ್ಲಿ ಇ-ವೀಸಾ ಪದ್ಧತಿ ಬಂದಿದೆ. ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬಬೇಕು, ವೀಸಾ ಮಿಂಚಂಚೆಯಲ್ಲಿ ಬರುತ್ತದೆ. ಹಾಗಾದರೆ ಬ್ಯಾಂಕಾಕಿನಲ್ಲಿ ಕುಳಿತೇ ತುಂಬಬಹುದಲ್ಲ ಎಂದುಕೊಳ್ಳಬಾರದು. ಯಾವ ಕಚೇರಿಗೆ ಅರ್ಜಿಯೋ ಆ ಕಚೇರಿಯ ವ್ಯಾಪ್ತಿಯಲ್ಲಿ ಅರ್ಜಿದಾರ ಇರಬೇಕು, ಇರುವುದಕ್ಕೆ ದಾಖಲೆಯನ್ನೂ ಕೊಡಬೇಕು. ಗಡಿಯ ಮೊಹರಿನ ಜೊತೆಗೆ ವಸತಿಯ ರಸೀದಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಪರಿಚಯದವರ ಪರಿಚಯದವರು ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕೊಟ್ಟ ಬರಹವಿಲ್ಲದ ಕೋಣೆ ಎಷ್ಟು ಅಗ್ಗವಾದರೂ ಈ ರಸೀದಿಯನ್ನು ಕೊಡಲಾರದು. ಅಲ್ಲಿಯ ನಿವಾಸಿಗಳಲ್ಲದವರ ಅರ್ಜಿಯನ್ನು ಎಲ್ಲ ಕಚೇರಿಗಳೂ ಸ್ವೀಕರಿಸುತ್ತವೆಂಬ ಖಾತರಿಯಿಲ್ಲ. ರೈಲಿನ ಟಿಕೆಟು ಕೊಳ್ಳುವ ಮುನ್ನವೇ ಆ ಕಚೇರಿಗೆ ಬರೆದು ಉತ್ತರ ಪಡೆದಿಟ್ಟುಕೊಳ್ಳತಕ್ಕದ್ದು.

ಹೊಸ ಪದ್ಧತಿಯಿಂದ ಕಾಯುವ ದಿನಗಳು ಹಿಗ್ಗಿವೆ. ಗುರುವಾರ ಸಂಜೆ ತಲುಪಿದವರಿಗೆ ಸಿಗುವುದು ಒಂದೇ ಕೆಲಸದ ದಿನ, ಆಮೇಲೆ ಶನಿವಾರ ಭಾನುವಾರದ ಬಾಡಿಗೆ ದಂಡ. ಕಾನ್ಸುಲೇಟಿಗೆ ಥಾಯ್ ರಜೆಗಳೂ ಉಂಟು, ಮಲೇಷ್ಯಾದ ರಜೆಗಳೂ ಉಂಟು. ಏಪ್ರಿಲ್ 13ರಿಂದ 15ರವರೆಗಿನ ಸೋಂಗ್‌ಕ್ರಾನ್, ಚೀನೀ ಹೊಸವರ್ಷ, ಪೆನಾಂಗಿನಲ್ಲಿ ಬಹು ವಿಜೃಂಭಣೆಯಿಂದ ಜರಗುವ ತೈಪೂಸಂ, ಈ ದಿನಗಳಲ್ಲಿ ಕಚೇರಿಯ ಬಾಗಿಲೂ ಮುಚ್ಚಿರಬಹುದು, ಕೋಣೆಯ ಬಾಡಿಗೆಯೂ ಏರಬಹುದು. ಭಾನುವಾರ ತಲುಪುವಂತೆ ಹೊರಟು, ಎರಡು ರಾತ್ರಿಗಷ್ಟೇ ಮುಂಗಡ ಕೊಟ್ಟು, ಬೇಕಾದರೆ ಮುಂದುವರಿಸುವ ಕರಾರು ಮಾಡಿಕೊಳ್ಳುವುದು ಜಾಣತನ. ವಾರಪೂರ್ತಿ ಇರುವವರಿಗೆ ದರ ಇಳಿಸುವ ಮಾಲೀಕರೂ ಇದ್ದಾರೆ, ಬಾಯಿಬಿಟ್ಟು ಕೇಳಬೇಕಷ್ಟೆ.

ಊಟದ ವಿಷಯಕ್ಕೆ ಪೆನಾಂಗ್ ನಮ್ಮಂಥವರಿಗೆ ತವರಿದ್ದಂತೆ. ಪಸಾರ್ ಬೀದಿ, ಕ್ವೀನ್ ಬೀದಿಗಳ ಸುತ್ತಿನ ಲಿಟಲ್ ಇಂಡಿಯಾದಲ್ಲಿ ತಮಿಳರ ಖಾನಾವಳಿಗಳಿವೆ, 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ಗುಡಿಯೂ ಅಲ್ಲಿಯೇ ಇದೆ. ಬಾಳೆಯೆಲೆಯ ಮೇಲೆ ಅನ್ನ, ಸಾರು, ಪಲ್ಯ. ತಮಿಳಿನಲ್ಲಿ ಸಸ್ಯಾಹಾರಕ್ಕೆ 'ಸೈವಂ' ಎಂದೇ ಹೆಸರು. ಶೈವವೆಂಬ ಶಬ್ದವೇ ಊಟದ ಹೆಸರಾಗಿ ಫಲಕದ ಮೇಲೆ ಕಂಡರೆ ಪರದೇಶದಲ್ಲಿ ಮನಸ್ಸಿಗೆ ಹಿತವೆನಿಸುತ್ತದೆ. ಆದರೂ ಬೇರೆ ಅಂಗಡಿಗಳಲ್ಲಿ ರೊಟ್ಟಿಯ ಜೊತೆ ಕೊಡುವ ಸಾರು ಮೀನಿನದೇ ಬೇಳೆಯದೇ ಎಂದು ಕೇಳಬೇಕು. ಸಂಬಲ್ ಎಂಬ ಕೆಂಪು ಚಟ್ನಿಯಲ್ಲಿ ಸಾಮಾನ್ಯವಾಗಿ ಸಿಗಡಿಯ ಹಿಟ್ಟು ಬೆರೆತಿರುತ್ತದೆ. ಥಾಯ್ ಕಡೆಯಲ್ಲಿ ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದ 'ಜೇ' ಎಂಬ ಗುರುತನ್ನು ಹುಡುಕಬೇಕು. ಅದು ಮೀನಿನ ಸಾಸ್, ಮೊಟ್ಟೆಗಳಷ್ಟೇ ಅಲ್ಲ, ಬೆಳ್ಳುಳ್ಳಿ ಈರುಳ್ಳಿಯನ್ನೂ ಬಿಟ್ಟ ಅಡುಗೆ. ಅವರು 'ಮಂಗ್ಸವಿರಟ್' ಎನ್ನುವ ಸಸ್ಯಾಹಾರದಲ್ಲಿ ಮೊಟ್ಟೆ ಇರಬಹುದು. ಲಿಟಲ್ ಇಂಡಿಯಾದಿಂದ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹಿಡಿದರೆ ಮೂರು ಹೊತ್ತಿನ ಊಟವೂ ಅಗ್ಗದಲ್ಲಿ ನೆರವೇರುತ್ತದೆ. ಕಾನ್ಸುಲೇಟ್ ಅಲ್ಲಿಂದ ನಾಲ್ಕೈದು ಕಿಲೋಮೀಟರು. ಕಿಟಕಿಯಲ್ಲಿ ಸರದಿ ನಿಲ್ಲುವ ಕಾಲ ಹೋಗಿರುವುದರಿಂದ ಆ ದೂರ ಈಗ ಹೊರೆಯಲ್ಲ.

ಒಂದು ಎಚ್ಚರವನ್ನು ಮನೆಯ ಹಿರಿಯರಿಗೆ ವಿಶೇಷವಾಗಿ ಹೇಳಬೇಕಾಗಿದೆ. ವಸತಿ ಉಚಿತ, ವಾಹನ ಉಚಿತ, ವೀಸಾದ ಕೆಲಸವೂ ನಮ್ಮದೇ ಎಂದು ಹೊಸ ಧಣಿಯೊಬ್ಬ ಹೇಳಿ, ದಕ್ಷಿಣದ ಪೆನಾಂಗಿಗಲ್ಲದೆ ಪಶ್ಚಿಮದ ಮೇ ಸೋಟ್ ಕಡೆಗೆ ಕರೆದೊಯ್ಯುವನಾದರೆ ಹೆಜ್ಜೆ ಇಡಬಾರದು. ಆ ಪಟ್ಟಣದಾಚೆ ಹೊಳೆ ದಾಟಿದರೆ ಮ್ಯಾನ್ಮಾರಿನ ಮ್ಯಾವಡಿ. ಒಳ್ಳೆಯ ಉದ್ಯೋಗವೆಂದು ನಂಬಿಸಿ ಕರೆದೊಯ್ದು ಅಲ್ಲಿಯ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಲಾಗಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಮಗ ಎಲ್ಲಿ ಇಳಿದಿದ್ದಾನೆಂಬ ತಾಯಿಯ ಪ್ರಶ್ನೆ ಬರಿಯ ಮಮತೆಯ ಮಾತಲ್ಲ. ಊರಿನ ಹೆಸರು, ವಸತಿಯ ಹೆಸರು, ಅದರ ದೂರವಾಣಿ ಸಂಖ್ಯೆ, ಈ ಮೂರನ್ನೂ ಹೊರಡುವ ಮುನ್ನವೇ ಬರೆಯಿಸಿಕೊಳ್ಳಬೇಕು. ತಲುಪಿದ ಸಂಜೆ ಅದೇ ವಸತಿಯ ದೂರವಾಣಿಗೆ ಮನೆಯವರೇ ಕರೆಮಾಡಿ ಮಗನನ್ನು ಕೇಳಿದರೂ ತಪ್ಪಿಲ್ಲ.

ಮಲೇಷ್ಯಾಕ್ಕೆ ಹೋಗುವ ಮೊದಲ ಮೂರು ದಿನಗಳೊಳಗೆ ಆ ದೇಶದ ಡಿಜಿಟಲ್ ಆಗಮನ ಪತ್ರ ತುಂಬುವಂತೆಯೇ, ಮರಳುವಾಗ ಥೈಲ್ಯಾಂಡಿನ ಪತ್ರವನ್ನೂ ತುಂಬಬೇಕು. ಇದು 2025ರ ಮೇ 1ರಿಂದ ಕಡ್ಡಾಯ. ಎರಡಕ್ಕೂ ಶುಲ್ಕವಿಲ್ಲ, ಹಣ ಕೇಳುವ ಜಾಲತಾಣಗಳು ಸರಕಾರದವಲ್ಲ. ಥಾಯ್ ಪತ್ರದಲ್ಲಿ ತಂಗುವ ಮನೆಯ ವಿಳಾಸ ಬರೆಯಬೇಕಾಗುತ್ತದೆ. ವಿದೇಶಿಯರು ಬಂದು ಇಳಿದುಕೊಂಡ 24 ತಾಸುಗಳೊಳಗೆ ಮನೆಯ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕೆಂದು ಆ ದೇಶದ 1979ರ ವಲಸೆ ಕಾಯಿದೆಯ 38ನೆಯ ಕಲಮು ಹೇಳುತ್ತದೆ. ಬಾಡಿಗೆಯ ಕೋಣೆಯಲ್ಲಿರುವವರು ಮರಳಿದ ದಿನವೇ ಮಾಲೀಕರಿಗೆ ಇದನ್ನು ನೆನಪಿಸಿ, ತಿಳಿಸಿದ್ದಕ್ಕೆ ಸಿಗುವ ಚೀಟಿಯನ್ನು ಕೇಳಿ ಪಡೆದು ಪಾಸ್‌ಪೋರ್ಟಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅವಧಿ ವಿಸ್ತರಣೆಗೆ ಹೋದಾಗ ಕಿಟಕಿಯಲ್ಲಿ ಆ ಚೀಟಿಯನ್ನು ಕೇಳುತ್ತಾರೆ.