‘ಗ್ಯಾಸ್ಟ್ರಿಕ್’ ಅನ್ನೋದು ಕಾಯಿಲೆಯ ಹೆಸರಲ್ಲ

ನಮ್ಮ ಹಾಸ್ಟೆಲ್‌ನಲ್ಲಿ ಯಾರಿಗೇ ಹೊಟ್ಟೆ ಕೆಟ್ಟರೂ ಹೆಸರು ಒಂದೇ: ಗ್ಯಾಸ್ಟ್ರಿಕ್. ಎದೆ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ, ರಾತ್ರಿ ಎರಡು ಗಂಟೆಗೆ ಎಬ್ಬಿಸೋ ನೋವು, ಎಲ್ಲವೂ ಗ್ಯಾಸ್ಟ್ರಿಕ್ಕೇ. ಕಾರಣವೂ ರೆಡಿ ಇರುತ್ತೆ: ಮೆಸ್ಸಿನ ಸಾಂಬಾರು, ಇಂಟರ್ನಲ್ಸ್ ಟೆನ್ಷನ್, ಇಲ್ಲಾಂದ್ರೆ ಭಾನುವಾರ ಬೆಳಗಿನ ಜಾವ ಎದ್ದು ಹೋಗಿ ತಿಂದ ಹೊಸಕೋಟೆ ಬಿರಿಯಾನಿ. ಜಡಿಗೇನಹಳ್ಳಿಯಿರಲಿ, ಹೊಸಕೋಟೆಯಿರಲಿ, ಮೆಡಿಕಲ್ ಶಾಪಿಗೆ ಹೋಗಿ ‘ಅಣ್ಣಾ, ಗ್ಯಾಸ್ಟ್ರಿಕ್‌ಗೆ ಏನಾದ್ರೂ ಕೊಡಿ’ ಅಂದ್ರೆ ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಕೈಗೆ ಬರುತ್ತೆ.

ನನ್ನ ತಕರಾರು ಬಿರಿಯಾನಿ ಮೇಲಲ್ಲ, ಮಾತ್ರೆ ಮೇಲೂ ಅಲ್ಲ. ಆ ಪದದ ಮೇಲೆ. ಹೆಸರಿಟ್ಟ ಕೂಡಲೇ ಕಾರಣ ಗೊತ್ತಾಯ್ತು ಅಂದ್ಕೊಂಡು ಹುಡುಕೋದನ್ನ ಬಿಟ್ಟುಬಿಡ್ತೀವಿ.

ಖಾರ, ಟೆನ್ಷನ್ ಮತ್ತು ಆಸಿಡ್‌ನಿಂದಲೇ ಅಲ್ಸರ್ ಬರುತ್ತೆ ಅಂತ ಡಾಕ್ಟರುಗಳೂ ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಿಂದ ತೆಗೆದ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಅದಕ್ಕೂ ಮುಂಚೆ ಎಷ್ಟೋ ಪ್ಲೇಟುಗಳಲ್ಲಿ ಏನೂ ಬೆಳೆದಿರಲಿಲ್ಲ. ಈಸ್ಟರ್ ರಜೆ ಅಂತ ಇನ್‌ಕ್ಯುಬೇಟರ್‌ನಲ್ಲೇ ಉಳಿದುಹೋದ ಪ್ಲೇಟಿನಲ್ಲಿ ಬೆಳೆದಿತ್ತು! ಆದರೂ ಜನ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಜಠರದ ಉರಿಯೂತ ಶುರುವಾಯ್ತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

‘ಇದು ಎಂಬಿಬಿಎಸ್‌ನವರ ಸಿಲಬಸ್, ನಮಗ್ಯಾಕೆ?’ ಅಂತೀರಾ? ಇದರ ಮೆಕ್ಯಾನಿಸಂ ನೋಡಿ. ಜಠರದ ಆಸಿಡ್‌ನಲ್ಲಿ ಬದುಕೋಕೆ ಇದು ಯೂರಿಯೇಸ್ ಅನ್ನೋ ಕಿಣ್ವದಿಂದ ಯೂರಿಯಾ ಒಡೆದು ತನ್ನ ಸುತ್ತ ಅಮೋನಿಯಾ ಮಾಡ್ಕೊಳ್ಳುತ್ತೆ. ಅಷ್ಟು ಜಾಗದಲ್ಲಿ ಆಸಿಡ್ ತಟಸ್ಥ. ಬಾಲದಂಥ ಎಳೆಗಳನ್ನು ತಿರುಗಿಸುತ್ತಾ ಲೋಳೆಪದರ ಕೊರೆದು ಒಳಗೆ ಹೋಗುತ್ತೆ. ವ್ಯಾಕ್-ಎ ಅನ್ನೋ ಪ್ರೋಟೀನ್ ಜಠರದ ಜೀವಕೋಶಗಳ ಒಳಗೆ ಗುಳ್ಳೆಗಳನ್ನು ಎಬ್ಬಿಸುತ್ತೆ. ಕೆಲವು ತಳಿಗಳಲ್ಲಂತೂ ಸಿರಿಂಜಿನಂಥ ಒಂದು ರಚನೆಯೇ ಇದೆ. ಅದರ ಮೂಲಕ ಕ್ಯಾಗ್-ಎ ಅನ್ನೋ ಪ್ರೋಟೀನನ್ನು ನಮ್ಮ ಜೀವಕೋಶದೊಳಕ್ಕೆ ನೇರವಾಗಿ ಚುಚ್ಚುತ್ತೆ. ಕೋಶದ ಆಕಾರ, ಬೆಳವಣಿಗೆ ನೋಡಿಕೊಳ್ಳೋ ಸಿಗ್ನಲ್‌ಗಳೇ ಅಡ್ಡಾದಿಡ್ಡಿ ಆಗ್ತವೆ. ನಮ್ಮ ಫ್ಯುಯೆಲ್ ಇಂಜೆಕ್ಷನ್ ಪಾಠಕ್ಕಿಂತ ಇದೇ ನನಗೆ ಹೆಚ್ಚು ಹಿಡಿಸಿತು, ಸರ್ ಕ್ಷಮಿಸಲಿ.

ಕ್ಯಾಗ್-ಎ ಇರುವ ತಳಿ ಸೇರಿಕೊಂಡವರಿಗೆ ಅಲ್ಸರ್, ಜಠರದ ಕ್ಯಾನ್ಸರ್ ಅಪಾಯ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹಾಗಂತ ಗಾಬರಿ ಬೇಡ. ಇದು ಹೊಟ್ಟೆಯಲ್ಲಿದ್ದೂ ಬಹುಪಾಲು ಜನರಿಗೆ ಏನೂ ಆಗೋದಿಲ್ಲ. ಭಾರತದಲ್ಲಿ ಸೋಂಕು ವ್ಯಾಪಕ, ಆದರೆ ಜಪಾನ್‌ಗೆ ಹೋಲಿಸಿದರೆ ಜಠರದ ಕ್ಯಾನ್ಸರ್ ಕಡಿಮೆ. ಮಿಜೋರಾಂನಲ್ಲಿ ಮಾತ್ರ ಹೆಚ್ಚು. ತಳಿಯ ವ್ಯತ್ಯಾಸ, ಊಟ, ನಮ್ಮ ಜೀನ್‌ಗಳು ಎಲ್ಲಾ ಸೇರಿ ಹೀಗಾಗಿರಬಹುದು. ಎಲ್ಲಾ ಹೊಟ್ಟೆನೋವಿಗೂ ಇದೇ ಕಾರಣ ಅಂತಲೂ ಅಲ್ಲ. ತಲೆನೋವು, ಮೈಕೈನೋವಿಗೆ ನುಂಗೋ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಿಂದಲೂ ಅಲ್ಸರ್ ಆಗುತ್ತೆ.

ಅದಕ್ಕೇ ಪರೀಕ್ಷೆ ಬೇಕು ಅನ್ನೋದು. ಪ್ಯಾಂಟೊಪ್ರಜೋಲ್ ಆಸಿಡ್ ತಗ್ಗಿಸುತ್ತೆ, ಉರಿ ಹೋಗುತ್ತೆ, ಆದ್ರೆ ಬ್ಯಾಕ್ಟೀರಿಯಾ ಅಲ್ಲೇ ಇರುತ್ತೆ. ಇನ್ನೊಂದು ತೊಂದರೆ ಏನಂದ್ರೆ, ಮಾತ್ರೆ ತಗೋತಾ ಇರುವಾಗ ಉಸಿರಿನ ಪರೀಕ್ಷೆ ಮಾಡಿಸಿದರೆ ಸೋಂಕಿದ್ದರೂ ‘ಇಲ್ಲ’ ಅಂತ ಬರಬಹುದು. ಈ ಪರೀಕ್ಷೆಯಲ್ಲಿ ಕಾರ್ಬನ್-13 ಇರುವ ಯೂರಿಯಾ ಕುಡಿಸ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆಯುತ್ತೆ, ಆ ಕಾರ್ಬನ್ ಉಸಿರಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಗುತ್ತೆ. ಮಾತ್ರೆಯನ್ನು ಎರಡು ವಾರ ಮೊದಲೇ ನಿಲ್ಲಿಸಬೇಕು, ಅದೂ ಡಾಕ್ಟರನ್ನು ಕೇಳಿಯೇ. ಸೋಂಕು ಇದ್ದರೆ ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಬೇಕು. ರೂಮ್‌ಮೇಟ್ ಉಳಿಸಿದ ನಾಲ್ಕು ಮಾತ್ರೆಯಿಂದ ಇದು ಹೋಗಲ್ಲ, ಔಷಧಿಗೆ ಬಗ್ಗದ ತಳಿ ಹುಟ್ಟುತ್ತೆ ಅಷ್ಟೇ.

ಸೋಂಕು ಹೆಚ್ಚಾಗಿ ತಗಲೋದು ಚಿಕ್ಕಂದಿನಲ್ಲಿ, ಮನೆಯವರಿಂದಲೇ. ಹಾಗಾಗಿ ಈ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಮಾತ್ರೆ ಡಬ್ಬ ಒಮ್ಮೆ ನೋಡಿ. ‘ನಂಗೆ ಗ್ಯಾಸ್ಟ್ರಿಕ್ ಕಣಪ್ಪಾ, ಹತ್ತು ವರ್ಷದಿಂದ ಇದೇ ಮಾತ್ರೆ’ ಅಂದ್ರೆ, ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ. ತೂಕ ಇಳಿಯುತ್ತಿದ್ದರೆ, ಮಲ ಟಾರಿನಂತೆ ಕಪ್ಪಗೆ ಹೋಗ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡಿದ್ದರೆ ರಜೆ ಮುಗಿಯೋವರೆಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.